ಎತ್ತು ಮಾರಿದ ಮೇಲೆ ಬಂದ ಮಳೆ

ನಮ್ಮದು ಚಳ್ಳಕೆರೆ ತಾಲೂಕು. ಆರು ಎಕರೆ ಕೆಂಪು ಮಣ್ಣಿನ ಹೊಲ, ಪೂರಾ ಮಳೆಯಾಶ್ರಿತ. ಎರಡು ಸಲ ಕೊಳವೆಬಾವಿ ಕೊರೆಸಿದ್ದಾಯ್ತು. ಎರಡರಲ್ಲೂ ಬಂದದ್ದು ಧೂಳು. ಆ ಸಾಲ ತೀರಿಸೋಕೆ ಆರು ವರ್ಷ ಹಿಡೀತು. ಹಾಗಾಗಿ ನಾನು ಬರೆಯುತ್ತಿರೋದು ನೀರಿಲ್ಲದವರಿಗೆ. ನೀರಿದ್ದವರು ಓದಿದರೆ ನಷ್ಟವೇನಿಲ್ಲ.

ನಮ್ಮೂರಲ್ಲಿ ಒಬ್ಬ ಹುಡುಗ ಇದ್ದಾನೆ. ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಅಪ್ಪ ಹಾಸಿಗೆ ಹಿಡಿದ ಮೇಲೆ ವಾಪಸ್ ಬಂದವನು. ಮೂರು ಎಕರೆ ಹೊಲ. ಒಂದು ದಿನ ನಮ್ಮ ಜಗಲಿ ಮೇಲೆ ಕೂತು ಕೇಳಿದ: “ಮಾವ, ಮಳೆ ನಂಬೋ ಹಾಗಿಲ್ಲ, ರೇಟು ನಂಬೋ ಹಾಗಿಲ್ಲ. ಯಾವುದನ್ನ ನಂಬಿ ಬೀಜ ಭೂಮಿಗೆ ಹಾಕ್ಲಿ?”

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. “ದೇವರಿದ್ದಾನೆ ಬಿಡಪ್ಪ” ಅನ್ನಬಹುದಿತ್ತು. ನನಗೇ ಯಾರೋ 2017ರಲ್ಲಿ ಹಾಗೆ ಅಂದಿದ್ದರು, ಆಗ ನನಗೆ ಸಿಟ್ಟು ಬಂದಿತ್ತು. ಅದಕ್ಕೇ ಅವನಿಗೆ ಆ ವರ್ಷದ ಕತೆಯನ್ನೇ ಹೇಳಿದೆ. ಇಲ್ಲಿ ಬರೆಯೋದೂ ಅದನ್ನೇ, ಸ್ವಲ್ಪ ಲೆಕ್ಕ ಸೇರಿಸಿ.

ಎರಡು ಬರದ ನಂತರ

2015 ಮತ್ತು 2016, ಎರಡು ವರ್ಷ ನಮ್ಮ ಕಡೆ ಬರ. ಆ ಹೊತ್ತಿಗೆ ನಾವು ಆರೂ ಎಕರೆಗೆ ಶೇಂಗಾ ಒಂದನ್ನೇ ಬಿತ್ತುತ್ತಿದ್ದೆವು. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ತಗೊಂಡು ಹೋದರೆ ಕೈಗೆ ದುಡ್ಡು. ನಮ್ಮಪ್ಪನ ಕಾಲದಲ್ಲಿ ಹೊಲದಲ್ಲಿ ನವಣೆ, ಸಾವೆ, ತೊಗರಿ, ಹರಳು, ಅಲಸಂದೆ ಎಲ್ಲಾ ಅಕ್ಕಡಿ ಸಾಲಿನಲ್ಲಿ ಇರುತ್ತಿದ್ದವು. ದುಡ್ಡಿನ ಬೆಳೆ ಬಂದ ಮೇಲೆ ಒಂದೊಂದೇ ಬಿಟ್ಟೆವು. ಬಿಡುವಾಗ ಯಾರಿಗೂ ಅದು ತಪ್ಪು ಅಂತ ಅನ್ನಿಸಲಿಲ್ಲ.

ಶೇಂಗಾದ ಕಷ್ಟ ಏನಂದರೆ ಬೀಜದ ಖರ್ಚು. ಎಕರೆಗೆ 40ರಿಂದ 50 ಕೆ.ಜಿ. ಬೀಜ ಬೇಕು. ಒಂದು ಸಲ ಬಿತ್ತಿ ಮಳೆ ಕೈಕೊಟ್ಟರೆ ಎರಡನೇ ಸಲಕ್ಕೆ ಮನೆಯಲ್ಲಿ ಬೀಜ ಇರಲ್ಲ, ತರೋಕೆ ದುಡ್ಡೂ ಇರಲ್ಲ. ಎರಡು ವರ್ಷ ಹಾಗೇ ಹೋಯ್ತು. 2017ರ ಜೂನ್, ಜುಲೈ ಕೂಡ ಒಣಗಿದವು. ಮೇವು ಮುಗಿದಿತ್ತು. ಆಶ್ಲೇಷಾ ಮಳೆಯೂ ಬರದೆ ಇದ್ದಾಗ ನಾನು ಜೋಡಿ ಎತ್ತು ಸಂತೆಗೆ ಹೊಡೆದುಕೊಂಡು ಹೋಗಿ ಮೂವತ್ತೆಂಟು ಸಾವಿರಕ್ಕೆ ಮಾರಿದೆ. ಅದೇ ಜೋಡಿಗೆ ಹಿಂದಿನ ವರ್ಷ ಐವತ್ತೈದು ಕೇಳಿದ್ದರು. ಬರದಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರು ಹೇಳಿದ್ದೇ ರೇಟು.

ಮಾರಿ ಹದಿನೈದು ದಿನ ತುಂಬಿರಲಿಲ್ಲ, ಮಘೆ ಮಳೆ ಹಿಡೀತು. “ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು” ಅಂತ ಗಾದೆ ಹೇಳೋರು ಹೇಳಿದರು. ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಹದ ಬಂದಿದೆ, ಕೊಟ್ಟಿಗೆ ಖಾಲಿ. ಇದ್ದ ಎರಡು ಟ್ರ್ಯಾಕ್ಟರಿಗೆ ಇಡೀ ಊರು ಸರದಿ. ಕೆಂಪು ಮಣ್ಣಿನಲ್ಲಿ ಹದ ಮೂರು ದಿನ ನಿಂತರೆ ಹೆಚ್ಚು. ನಾಲ್ಕನೇ ದಿನಕ್ಕೆ ನನ್ನ ಸರದಿ ಬಂತು, ಅಷ್ಟರಲ್ಲಿ ನೆಲ ಬಿಗಿದಿತ್ತು. ಅಂಗಡಿಯಲ್ಲಿ ಹುರುಳಿ ಬೀಜವೂ ಮುಗಿದಿತ್ತು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಹೊಲ ಮಾರಿ ಮಗನ ಹತ್ತಿರ ಹೋಗೋಣ ಅಂತ ಮಾತೆತ್ತಿದೆ. ನಮ್ಮ ಮನೆಯವಳು ಒಳಗೆ ಹೋಗಿ ಒಂದು ಗಡಿಗೆ ತಂದು ಮುಂದಿಟ್ಟಳು. ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತಿದ್ದಳು. ಒಳಗೆ ಹತ್ತು ಹನ್ನೆರಡು ಸೇರು ಹುರುಳಿ, ಒಂದು ಗಂಟಿನಲ್ಲಿ ನವಣೆ. “ನೀವು ಎತ್ತು ಮಾರಿದ್ರಿ, ನಾನು ಬೀಜ ಮಾರಿಲ್ಲ” ಅಂದಳು. ಎರಡು ಬರದಲ್ಲೂ ಸಾರಿಗೆ ಹುರುಳಿ ಸಾಲದೆ ಇದ್ದಾಗ ಆಕೆ ಆ ಗಡಿಗೆಗೆ ಕೈ ಹಾಕಿರಲಿಲ್ಲ. ನನಗೆ ಹೇಳಿಯೂ ಇರಲಿಲ್ಲ, ಹೇಳಿದ್ದರೆ ನಾನು ಮಾರಿಸುತ್ತಿದ್ದೆ ಅಂತ ಆಕೆಗೆ ಗೊತ್ತಿತ್ತು.

ಉತ್ತರೆ ಮಳೆಗೆ ಮತ್ತೆ ಹದ ಬಂತು. ದಾಯಾದಿಯೊಬ್ಬರ ಎತ್ತು ಮುಯ್ಯಿಗೆ ತಂದು ಒಂದೂಕಾಲು ಎಕರೆ ಹುರುಳಿ ಬಿತ್ತಿದೆ. ಬೀಜ ಇದ್ದದ್ದೇ ಅಷ್ಟಕ್ಕೆ. ಉಳಿದ ಹೊಲ ಅಂಥಾ ಒಳ್ಳೆ ಹಿಂಗಾರಿನಲ್ಲೂ ಬೀಡು ಬಿತ್ತು. ಬೆಂಗಳೂರಿನ ಬೀದಿಯಲ್ಲಿ ನೀರು ನಿಂತಿದ್ದನ್ನು ಆ ವರ್ಷ ಟಿ.ವಿ.ಯಲ್ಲಿ ತೋರಿಸುತ್ತಿದ್ದರು, ಅಷ್ಟು ಮಳೆ. ನಮಗೆ ಸಿಕ್ಕಿದ್ದು ಮೂರು ಕ್ವಿಂಟಾಲ್ ಹುರುಳಿ ಮತ್ತು ಹೊಟ್ಟು. ಮಳೆ ನನಗೆ ಮೋಸ ಮಾಡಲಿಲ್ಲ. ಮಳೆ ಬರುತ್ತೆ ಅನ್ನೋದರ ಮೇಲೆ ನನಗೆ ನಂಬಿಕೆ ಹೋಗಿತ್ತು, ಅದಕ್ಕೇ ಅದು ಬಂದಾಗ ಹಿಡಿಯೋ ಸಾಮಾನನ್ನೇ ಮಾರಿಬಿಟ್ಟಿದ್ದೆ.

ಡಬ್ಬ ಮತ್ತು ನೋಟ್‌ಬುಕ್ಕು

2018ರ ಯುಗಾದಿಗೆ ಎರಡು ಎಳೆ ಹೋರಿ ತಂದು ಕಟ್ಟಿದೆ. ಅದೇ ದಿನ ನೂರು ಹಾಳೆಯ ಒಂದು ನೋಟ್‌ಬುಕ್ಕೂ ತಂದೆ. ಪಂಚಾಂಗದಲ್ಲಿ ಈ ವರ್ಷ ಇಷ್ಟು ಕೊಳಗ ಮಳೆ ಅಂತ ಓದುತ್ತಾರಲ್ಲ, ಕೇಳೋಕೆ ಚೆನ್ನ. ನನ್ನ ಹೊಲಕ್ಕೆ ನಿಜವಾಗಿ ಎಷ್ಟು ಬಿತ್ತು ಅಂತ ಯಾರೂ ಓದಲ್ಲ. ಅದನ್ನು ನಾನೇ ಬರೆಯಬೇಕು.

ಅಳೆಯೋದು ಬಹಳ ಸುಲಭ. ಬಾಯಿ, ತಳ ಎರಡೂ ಒಂದೇ ಅಗಲ ಇರುವ, ತಳ ಚಪ್ಪಟೆಯಾಗಿರುವ ಒಂದು ಡಬ್ಬ ಸಾಕು. ಮರ, ಗೋಡೆಯಿಂದ ದೂರ, ಬಯಲಲ್ಲಿ ಗೂಟಕ್ಕೆ ನೆಟ್ಟಗೆ ಕಟ್ಟಿ. ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲನ್ನು ಇಳಿಸಿ ನೀರು ಎಷ್ಟು ಮಿಲಿಮೀಟರ್ ಇದೆ ನೋಡಿ, ಬರೆದು, ಚೆಲ್ಲಿ. ಸ್ಕೇಲಿನ ತುದಿಯಲ್ಲಿ ಸೊನ್ನೆಗಿಂತ ಮುಂಚೆ ಸ್ವಲ್ಪ ಖಾಲಿ ಜಾಗ ಇರುತ್ತೆ, ಅದನ್ನು ಉಜ್ಜಿ ತೆಗೆಯಿರಿ. ನಾನು ಮೊದಲ ವರ್ಷ ಅದನ್ನು ಗಮನಿಸದೆ ಪ್ರತಿ ಮಳೆಯನ್ನೂ ಕಡಿಮೆ ಬರೆದಿದ್ದೆ.

ಒಂದು ಲೆಕ್ಕ ಗೊತ್ತಿರಲಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರ್ ನೀರು. ಇಪ್ಪತ್ತೈದು ಮಿ.ಮೀ. ಒಂದು ಹದ ಮಳೆ ಬಂದರೆ ಎಕರೆಗೆ ಒಂದು ಲಕ್ಷ ಲೀಟರ್, ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು. ಬರಗಾಲದ ಸೀಮೆ ಅಂತ ಹೆಸರಾದ ನಮ್ಮ ತಾಲೂಕಿನಲ್ಲೂ ವರ್ಷಕ್ಕೆ ಅಂಥ ಮಳೆ ಕೆಲವು ಬಂದೇ ಬರುತ್ತವೆ. ಈ ಲೆಕ್ಕ ಮೊದಲ ಸಲ ಹಾಕಿದ ದಿನ ನಾನು ಸುಮ್ಮನೆ ಬದುವಿನ ಮೇಲೆ ಕೂತುಬಿಟ್ಟೆ. ಇಪ್ಪತ್ತು ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ತರಿಸಿದ್ದರೆ ಹೀಗೆ ಒಡೆದ ಬದುವಿನಲ್ಲಿ ಹರಿಯೋಕೆ ಬಿಡ್ತಿದ್ದೆನಾ?

ನೋಟ್‌ಬುಕ್ಕು ಕಲಿಸಿದ ಇನ್ನೊಂದು ಪಾಠ: ನಮ್ಮ ಹೊಲದ ದೊಡ್ಡ ಮಳೆಗಳು ಮುಂಗಾರಿನಲ್ಲಿಲ್ಲ. ಬಹಳ ವರ್ಷ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗಿನ ಮಳೆಯೇ ನಮ್ಮನ್ನು ಸಾಕೋದು. ಜುಲೈ ಕೊನೆಗೇ “ಈ ವರ್ಷ ಹೋಯ್ತು” ಅಂತ ಕೈ ತೊಳೆದುಕೊಳ್ಳುತ್ತಿದ್ದೆವಲ್ಲ, ಆಗ ಇನ್ನೂ ಅರ್ಧ ವರ್ಷದ ಮಳೆ ಬಾಕಿ ಇರುತ್ತಿತ್ತು. ಎತ್ತು ಮಾರಿದ್ದು ಅಂಥ ಹೊತ್ತಿನಲ್ಲೇ. ನಿಮ್ಮ ಊರಿನ ಲೆಕ್ಕ ಬೇರೆ ಇರಬಹುದು. ಹತ್ತು ಮೈಲಿಗೆ ಮಳೆ ಬದಲಾಗುತ್ತೆ. ನನ್ನ ಲೆಕ್ಕ ತಗೊಂಡು ನೀವು ಬಿತ್ತಬೇಡಿ, ಡಬ್ಬ ಕಟ್ಟಿ.

ಮೂರು ಬಾಗಿಲು

ಈಗ ನಾನು ವರ್ಷಕ್ಕೆ ಬಿತ್ತನೆಗೆ ಮೂರು ಬಾಗಿಲು ಅಂತ ಲೆಕ್ಕ ಇಟ್ಟಿದ್ದೇನೆ. ಒಂದು ಮುಚ್ಚಿದರೆ ಇನ್ನೊಂದಕ್ಕೆ ಕಾಯೋದು. ಮುಖ್ಯ ಏನೆಂದರೆ ಮೂರನ್ನೂ ತೆಗೆಯುವ ಬೀಜ ಯುಗಾದಿಗೇ ಮನೆಯಲ್ಲಿ ಇರಬೇಕು.

ಮೊದಲ ಬಾಗಿಲು ರೋಹಿಣಿ, ಮೃಗಶಿರಾ. ಮೇ ಕೊನೆಯಿಂದ ಜೂನ್ ಇಪ್ಪತ್ತರ ತನಕ. ಇದಕ್ಕೆ ಒಂದೇ ಎಕರೆ. ಹೆಸರು, ಅಲಸಂದೆ, ಎಳ್ಳು, ನಡುವೆ ತೊಗರಿ. ಬದುವಿನ ಗುಂಟ ಹರಳು. ಹೆಸರು ಎರಡು ತಿಂಗಳಿಗೆ ಕೈಗೆ ಬರುತ್ತೆ, ಮನೆ ಖರ್ಚಿಗೆ ಆಗುತ್ತೆ. ಬರದಿದ್ದರೆ ಹೋಗೋದು ನಾಲ್ಕಾರು ಸೇರು ಬೀಜ ಅಷ್ಟೇ.

ಎರಡನೇದು ಆರಿದ್ರದಿಂದ ಪುಷ್ಯದವರೆಗೆ, ಬಹಳ ಅಂದರೆ ಆಶ್ಲೇಷಾ ಶುರು. ಇದು ಶೇಂಗಾದ ಬಾಗಿಲು. ಶೇಂಗಾ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಮನೆಗೆ ದುಡ್ಡು ತರೋದು ಅದೇ, ದನಕ್ಕೆ ಅದರ ಹೊಟ್ಟಿನಷ್ಟು ಒಳ್ಳೆ ಮೇವಿಲ್ಲ. ಆದರೆ ಎರಡೂವರೆ ಎಕರೆಗಿಂತ ಹೆಚ್ಚು ಹಾಕಲ್ಲ. ಎಂಟು ಸಾಲು ಶೇಂಗಾ, ಎರಡು ಸಾಲು ತೊಗರಿ. ಇಳಿಜಾರಿಗೆ ಅಡ್ಡವಾಗಿ ಬಿತ್ತಿ, ತಿಂಗಳಾದ ಮೇಲೆ ಆ ಎರಡು ತೊಗರಿ ಸಾಲಿನ ನಡುವೆ ನೇಗಿಲಲ್ಲಿ ಒಂದು ಆಳದ ಸಾಲು ಹೊಡೆಯುತ್ತೇನೆ. ಕಡಿಮೆ ಮಳೆಯಲ್ಲಿ ಅದು ನೀರು ಹಿಡಿಯುತ್ತೆ, ಜಾಸ್ತಿ ಮಳೆಯಲ್ಲಿ ನೀರು ನಿಧಾನಕ್ಕೆ ಕಳಿಸುತ್ತೆ. ರಾಗಿ ತೊಗರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೇಳುವ ಸಾಲಿನ ಲೆಕ್ಕವೂ ಹೆಚ್ಚುಕಡಿಮೆ ಇದೇ. ಇದರ ಪಕ್ಕ ಅರ್ಧ ಎಕರೆ ನವಣೆ.

ಮೂರನೇ ಬಾಗಿಲು ಮಘೆಯಿಂದ ಹಸ್ತದವರೆಗೆ. ಎರಡು ಎಕರೆಯನ್ನು ಉತ್ತು, ಕುಂಟೆ ಹೊಡೆದು ಖಾಲಿ ಇಟ್ಟುಕೊಂಡಿರುತ್ತೇನೆ. ಮಘೆಗೇ ಹದ ಬಂದರೆ ಕೊರಲೆ. ಎರಡೂವರೆ ತಿಂಗಳ ಬೆಳೆ, ಎಕರೆಗೆ ಮೂರು ನಾಲ್ಕು ಕೆ.ಜಿ. ಬೀಜ ಸಾಕು. ಉತ್ತರೆಗೆ ಬಂದರೆ ಹುರುಳಿ. ಒಂದು ಮೂಲೆಗೆ ಮೇವಿನ ಜೋಳ.

ಹೇಳೋಕೆ ಸುಲಭ. ನಿಜವಾದ ಕಷ್ಟ ಬರೋದು ಮುಂಗಾರು ಚೆನ್ನಾಗಿ ಬಂದ ವರ್ಷ. ಊರೆಲ್ಲಾ ಶೇಂಗಾ ಬಿತ್ತುತ್ತಿರುವಾಗ ಎರಡು ಎಕರೆ ಖಾಲಿ ಬಿಟ್ಟು ಕೂರೋದಕ್ಕೆ ಎದೆ ಗಟ್ಟಿ ಬೇಕು. ಮೊದಲ ವರ್ಷ ನೋಡಿದವರು “ಏನಣ್ಣ, ಹೊಲ ಗುತ್ತಿಗೆಗೆ ಕೊಟ್ಟೆಯಾ?” ಅಂತ ಕೇಳಿದರು. ಪಕ್ಕದ ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೊಲ ಗುತ್ತಿಗೆಗೆ ಹೋಯ್ತು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. 2017ರಲ್ಲಿ ಅವರು ನಮ್ಮೂರಿಗೆ ಬಂದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಅನ್ನುತ್ತಿದ್ದೆ. ಸಹಿ ಹಾಕೋಕೆ ಬಂದರೂ. ಕೊಟ್ಟವರನ್ನು ನಾನು ತಪ್ಪು ಅನ್ನಲ್ಲ.

ಗಡಿಗೆ ಕಾಯೋದು

ಬೀಜ ಇಡೋದು ನಮ್ಮ ಮನೆಯಲ್ಲಿ ಹೆಂಗಸರ ವಿದ್ಯೆ. ಕೇಳಿ ಬರೆದುಕೊಂಡಿದ್ದೇನೆ.

ಹುರುಳಿ, ತೊಗರಿ, ಅಲಸಂದೆಗೆ ಹುಳದ ಕಾಟ. ಒಣಗಿಸಿದ ಕಾಳಿಗೆ ಕೆಮ್ಮಣ್ಣು ಕಲಸಿದ ನೀರು ಸವರಿ, ಮತ್ತೆ ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಗಡಿಗೆಗೆ ತುಂಬೋದು. ಮೇಲೆ ಎರಡು ಬೆರಳು ಬೂದಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರುತ್ತೆ. ನವಣೆ, ಕೊರಲೆಗೆ ಅಷ್ಟು ತೊಂದರೆ ಇಲ್ಲ. ನವಣೆಯ ಒಳ್ಳೆ ತೆನೆ ಆರಿಸಿ ತೆನೆಯಲ್ಲೇ ಗಂಟು ಕಟ್ಟಿ ಒಲೆಯ ಹೊಗೆ ತಾಗುವ ಕಡೆ ನೇತುಹಾಕುತ್ತಾಳೆ. ಶೇಂಗಾ ಮಾತ್ರ ಬಹಳ ನಾಜೂಕು. ಕಾಯಿಯಲ್ಲೇ ಇಡಬೇಕು, ಅಲ್ಲಾಡಿಸಿದರೆ ಒಳಗೆ ಸದ್ದು ಬರುವಷ್ಟು ಒಣಗಿರಬೇಕು. ಬಿತ್ತೋ ಹತ್ತು ದಿನದೊಳಗೆ ಸುಲಿಯೋದು. ತಿಂಗಳ ಮುಂಚೆ ಸುಲಿದಿಟ್ಟರೆ ಮೊಳಕೆ ಬಿಡುವ ಶಕ್ತಿ ಹೋಗುತ್ತೆ.

ಯಾವ ಬೀಜವೇ ಇರಲಿ, ಬಿತ್ತೋ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ನಾಲ್ಕೈದು ದಿನಕ್ಕೆ ಬಿಚ್ಚಿ ಮೊಳಕೆ ಎಣಿಸಿ. ಎಂಬತ್ತು ದಾಟಿದರೆ ನಿಶ್ಚಿಂತೆ. ಅರವತ್ತಾದರೆ ಬೀಜ ಜಾಸ್ತಿ ಹಾಕಿ. ಅದಕ್ಕಿಂತ ಕೆಳಗೆ ಬಂದರೆ ಬಿತ್ತಬೇಡಿ, ಬೇರೆಯವರಲ್ಲಿ ಕೇಳಿ ತನ್ನಿ. ಒಮ್ಮೆ ನಾನು ಪೇಟೆಯಿಂದ ತಂದ ಶೇಂಗಾ ಬೀಜದಲ್ಲಿ ನಲವತ್ತೆರಡು ಮೊಳೆತವು. ಕೊಟ್ಟವರು ಮಳೆ ಮೇಲೆ ಹಾಕಿದರು. ಗೋಣಿಚೀಲದಲ್ಲಿ ಮಳೆ ಎಲ್ಲಿಂದ ಬಂತು?

ಕೋಡಿ ಬಿದ್ದ ವರ್ಷ, ಒಣಗಿದ ವರ್ಷ

ಈ ಏರ್ಪಾಡು ಪರೀಕ್ಷೆಗೆ ಕೂತದ್ದು 2022 ಮತ್ತು 2023ರಲ್ಲಿ.

ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನಾವು ಮಾರಿಕಣಿವೆ ಅಂತೀವಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ. 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಆಮೇಲೆ ಬೀಳಲೇ ಇಲ್ಲ. ಇನ್ನು ಅದು ತುಂಬಲ್ಲ ಅಂತ ಹೇಳಿಕೊಂಡೇ ನಮ್ಮಪ್ಪ ತೀರಿಹೋದರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಕೋಡಿ ಬಿತ್ತು. ಭದ್ರಾ ನೀರು ಬಿಟ್ಟದ್ದೂ ಸೇರಿತ್ತು ಅನ್ನಿ. ನೋಡೋಕೆ ಜಾತ್ರೆಯ ಹಾಗೆ ಜನ. ನಾನೂ ಹೋಗಿದ್ದೆ. ವಯಸ್ಸಾದವರು ಕೆಲವರು ನೀರಿಗೆ ಕೈ ಮುಗಿದು ಅಳುತ್ತಿದ್ದರು. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿತು.

ವಾಪಸ್ ಬಂದು ನೋಡಿದರೆ ಅದೇ ಮಳೆ ನನ್ನ ಶೇಂಗಾ ತಿಂದುಹಾಕುತ್ತಿತ್ತು. ನಾವು ಹಾಕೋದು ಟಿಎಂವಿ-2. ಬಲಿತ ಮೇಲೆ ಅದಕ್ಕೆ ನಿದ್ರೆ ಅನ್ನೋದೇ ಇಲ್ಲ. ಕೀಳೋಕೆ ಬಿಡುವು ಕೊಡದೆ ಮಳೆ ಹಿಡಿದರೆ ಕಾಯಿ ನೆಲದೊಳಗೇ ಮೊಳೆಯುತ್ತೆ. ಅರ್ಧಕ್ಕರ್ಧ ಹಾಗೇ ಹೋಯ್ತು, ಹೊಟ್ಟು ಕಪ್ಪಾಯ್ತು. ಹುರುಳಿ ಬರೀ ಬಳ್ಳಿ ಬೆಳೆದು ಕಾಯಿ ಕಟ್ಟಲಿಲ್ಲ. ಕೈ ಹಿಡಿದದ್ದು ತೊಗರಿ. ಆಳದ ಸಾಲಿನಲ್ಲಿ ನೀರು ಹರಿದುಹೋಗಿ ಬೇರು ಕೊಳೆಯಲಿಲ್ಲ, ಸಂಕ್ರಾಂತಿ ಹೊತ್ತಿಗೆ ಕಣಕ್ಕೆ ಬಂತು.

ಮರುವರ್ಷ 2023. ಜೂನ್ ಖಾಲಿ, ಮೊದಲ ಬಾಗಿಲು ಮುಚ್ಚಿತು. ಜುಲೈ ಕೊನೆಗೆ ಹದ ಬಂತು, ಎರಡು ಎಕರೆ ಶೇಂಗಾ ಹಾಕಿದೆ. ಆಮೇಲೆ ಆಗಸ್ಟ್. ದೇಶದಲ್ಲಿ 1901ರಿಂದ ಮಳೆ ಲೆಕ್ಕ ಇಟ್ಟಿದ್ದಾರಂತೆ, ಅಷ್ಟರಲ್ಲಿ ಇದರಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ರಾಜ್ಯದ 236 ತಾಲೂಕಿನಲ್ಲಿ 223ನ್ನು ಬರ ಅಂತ ಸಾರಿದರು. ಶೇಂಗಾ ಹೂ ಬಿಟ್ಟು ಸೂಜಿ ಇಳಿಸುವ ಹೊತ್ತಿಗೆ ನೆಲ ಕಲ್ಲಾಗಿತ್ತು. ಎರಡು ಎಕರೆಯಿಂದ ಬಂದದ್ದು ಒಂದು ಚೀಲ ಕಾಯಿ, ಎರಡು ಗಾಡಿ ಹೊಟ್ಟು. ನವಣೆ ಮೊಳದುದ್ದ ಬರಬೇಕಾದ ತೆನೆ ಬೆರಳುದ್ದ ಬಂತು.

ಆ ಆಗಸ್ಟಿನಲ್ಲಿ ದಲ್ಲಾಳಿಯೊಬ್ಬ ನಮ್ಮ ಕೊಟ್ಟಿಗೆ ಮುಂದೆ ಬಂದು ನಿಂತ. ಎತ್ತು ಹಲ್ಲು ನೋಡಿದ, ಬೆನ್ನು ತಟ್ಟಿದ. ನಾನು ಒಳಗೆ ಹೋಗಿ ನೋಟ್‌ಬುಕ್ಕು ತೆಗೆದು ಹಿಂದಿನ ವರ್ಷಗಳ ಸೆಪ್ಟೆಂಬರ್ ಹಾಳೆ ತಿರುವಿ ಹಾಕಿದೆ. ಹೊರಗೆ ಬಂದು “ಇಲ್ಲ” ಅಂದೆ. ಹೊಟ್ಟು, ಹಿಂದಿನ ವರ್ಷದ ತೊಗರಿ ಹೊಟ್ಟು, ಬದುವಿನ ಹುಲ್ಲು ಸೇರಿಸಿ ದನ ಸಾಕಿದೆವು.

ಉತ್ತರೆಗೆ ಇಪ್ಪತ್ತೆರಡು ಮಿ.ಮೀ. ಬಂತು. ಎತ್ತು ಇತ್ತು, ಬೀಜ ಇತ್ತು, ಮಾರನೇ ದಿನ ಬೆಳಿಗ್ಗೆ ಕೂರಿಗೆ ಕಟ್ಟಿದೆ. ಮೂರು ಎಕರೆ ಹುರುಳಿ. ಚಿತ್ತೆ ಮಳೆ ಕೈಕೊಟ್ಟಿತು, ಆದರೂ ಇಬ್ಬನಿ ಕುಡಿದು ಎಕರೆಗೆ ಒಂದು ಕ್ವಿಂಟಾಲ್ ಹತ್ತಿರ ಕೊಟ್ಟಿತು. ಇದನ್ನು ಗೆಲುವು ಅಂತ ನಾನು ಹೇಳಲ್ಲ. ಆ ವರ್ಷ ಹೊಲದಿಂದ ಲಾಭ ಇಲ್ಲ, ಮಗಳ ಮನೆಗೆ ಹಬ್ಬಕ್ಕೆ ಸೀರೆ ಕೊಡೋಕೂ ಆಗಲಿಲ್ಲ. ಆದರೆ ಬೀಜಕ್ಕೆ ಅಂತ ಸಾಲ ಆಗಲಿಲ್ಲ, ಕೊಟ್ಟಿಗೆ ಖಾಲಿ ಆಗಲಿಲ್ಲ, ಮುಂದಿನ ಮೃಗಶಿರಾಕ್ಕೆ ಗಡಿಗೆ ತುಂಬಿತ್ತು. 2015ರಲ್ಲೂ ಅಷ್ಟೇ ಬರ ಇತ್ತು, ಆಗ ಮೂರೂ ಹೋಗಿದ್ದವು.

ರೇಟಿನ ವಿಚಾರಕ್ಕೆ ನನ್ನ ಹತ್ತಿರ ಇಂಥ ಡಬ್ಬ ಇಲ್ಲ. ಅದು ನಮ್ಮ ಕೈಲಿಲ್ಲದ ಮಳೆ. ಒಂದೇ ಬೆಳೆ ಇದ್ದಾಗ ಒಂದೇ ರೇಟಿಗೆ ಕುತ್ತಿಗೆ ಕೊಡುತ್ತಿದ್ದೆ, ಈಗ ಐದಾರು ಬೆಳೆ ಇರೋದರಿಂದ ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಮಾರೋದು ಅಂತ ಸ್ವಲ್ಪ ಆಯ್ಕೆ ಇದೆ. ಹುರುಳಿ, ನವಣೆ ಇಟ್ಟರೆ ಕೆಡಲ್ಲ. ಅಷ್ಟೇ ಹೇಳಬಲ್ಲೆ.

ಇಷ್ಟೂ ಕೇಳಿಸಿಕೊಂಡ ಆ ಹುಡುಗ, “ಮಾವ, ನನಗೆ ಗಡಿಗೆಯೂ ಇಲ್ಲ, ಎತ್ತೂ ಇಲ್ಲ” ಅಂದ. ಅದೂ ನಿಜ. ನಮ್ಮ ಮನೆಯವಳು ಎಂಟು ಸೇರು ಹುರುಳಿ, ಒಂದು ಸೇರು ಕೊರಲೆ ಅಳೆದು ಕೊಟ್ಟಳು. ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ವಾಪಸ್ ಕೊಡೋದು, ಹಳೇ ಕಾಲದ ಲೆಕ್ಕ. ಎತ್ತಿಗೆ ಮುಯ್ಯಿ: ನಮ್ಮ ಎತ್ತು ಅವನಿಗೆ ಒಂದು ದಿನ, ಅವನು ನಮಗೆ ಕಳೆ ತೆಗೆಯೋಕೆ ಎರಡು ದಿನ. ಹೋಗುವಾಗ ಡಬ್ಬ ಎಂಥದ್ದು ಇರಬೇಕು ಅಂತ ಇನ್ನೊಮ್ಮೆ ಕೇಳಿದ. ಮನೆಯಲ್ಲಿ ಮಗುವಿನ ಹಾಲಿನ ಪುಡಿಯ ಡಬ್ಬ ಇದೆ, ಆಗುತ್ತಾ ಅಂದ. ತಳ ಚಪ್ಪಟೆ ಇದ್ದರೆ ಆಗುತ್ತೆ ಅಂದೆ.